ಹಣೆಗೆ ಅಂಟಿಸಿದ ಎರಡು ಪಟ್ಟಿ

ಕಳೆದ ಆಷಾಢದಲ್ಲಿ ನಮ್ಮ ಯಜಮಾನರಿಗೆ ಹೃದಯದ ಕವಾಟ ಬದಲಿಸಲೇಬೇಕಾಯಿತು. ಶಿವಾಜಿನಗರದಲ್ಲಿ ಗಡಿಯಾರ ರಿಪೇರಿ ಮಾಡುವವರು ಅವರು. ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರೇ ಸಿಗುತ್ತಿರಲಿಲ್ಲ. ಆಪರೇಷನ್ ವೇಳೆ ಹಳೆಯ ಕವಾಟದ ಚೂರು ಮಿದುಳಿಗೆ ಹೋದರೆ, ಇಲ್ಲವೇ ಅಲ್ಲಿಗೆ ರಕ್ತ ಕಡಿಮೆಯಾದರೆ, ಮಾತು ಹೋಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಬಾಯಿಗೆ ಬಿಡುವೇ ಕೊಡದ ಮನುಷ್ಯ. ಮಾತಿಲ್ಲದ ಅವರನ್ನು ನೆನೆಸಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಮರ್ಫಿ ಟೌನಿನ ನಮ್ಮ ಬೀದಿಯ ಮಾರಮ್ಮನ ಕುಂಕುಮ ಸೆರಗಿಗೆ ಗಂಟು ಹಾಕಿಕೊಂಡು ಕೆ.ಆರ್. ಪುರದ ಬಸ್ಸು ಹತ್ತಿದೆ. ಅಲ್ಲಿನ ಆಸ್ಪತ್ರೆಯಲ್ಲಿ ಅದನ್ನು ಅವರ ಹಣೆಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಟೆಕ್ನಿಷಿಯನ್ ಹುಡುಗಿ ಬಂದು ಒರೆಸಿಯೇಬಿಟ್ಟಳು.

“ಯಾಕಮ್ಮಾ ಒರೆಸ್ದೆ?”

“ಇಲ್ಲಿ ಎರಡು ಪಟ್ಟಿ ಅಂಟಿಸ್ಬೇಕು ಆಂಟಿ. ಆಪರೇಷನ್ ಮುಗಿಯೋವರ್ಗೂ ಮಿದುಳು ನೋಡ್ತಾ ಇರ್ತೀವಿ.”

“ಅವ್ರು ಏನ್ ಯೋಚ್ನೆ ಮಾಡ್ತಿದಾರೆ ಅಂತ ಕಾಣ್ಸುತ್ತಾ?”

ಹುಡುಗಿ ನಕ್ಕಳು. “ಅದು ಕಾಣ್ಸಲ್ಲ. ಈ ಪಟ್ಟಿ ಒಳಗೆ ಬೆಳಕು ಹಾಯ್ಸಿ, ಅಲ್ಲಿನ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುತ್ತೆ. ಕಮ್ಮಿ ಆದ್ರೆ ತಕ್ಷಣ ಗೊತ್ತಾಗುತ್ತೆ.”

ತಲೆಬುರುಡೆ ದಾಟಿ ಹೋಗುವ ಬೆಳಕು ಅದೆಂಥದೋ! ಅಷ್ಟು ಭಯದಲ್ಲೂ ನನಗೆ ಕುತೂಹಲ. ಹೊರಗೆ ಕೂತು ಮಾರಮ್ಮನಲ್ಲಿ ಬೇಡಿದ್ದೂ ಅದನ್ನೇ: ತಾಯೀ, ಆ ಬೆಳಕಿನ ಜೊತೆ ನೀನೂ ಒಳಗೆ ನೋಡುತ್ತಿರು.

ಮಧ್ಯಾಹ್ನ ಅರಿವಳಿಕೆ ಡಾಕ್ಟರು ಬಂದರು. “ನಡುವೆ ಮಿದುಳಿನ ಎಡಗಡೆ ಆಕ್ಸಿಜನ್ ಇಳೀತು. ಸ್ಕ್ರೀನಲ್ಲಿ ಕಂಡ ತಕ್ಷಣ ಬಿಪಿ ಏರಿಸಿದ್ವಿ, ಸರಿಹೋಯ್ತು. ಎಚ್ಚರ ಆಗ್ಲಿ, ನೋಡೋಣ.” ಮಾತು ಇರುವುದು ಹೆಚ್ಚಾಗಿ ಎಡಗಡೆಯೇ ಅಂತೆ.

ಮರುದಿನ, ಗಂಟಲಿನ ನಳಿಕೆ ತೆಗೆದ ಮೇಲೆ, ಬೀದರ್ ಕಡೆಯ ನರ್ಸ್ ಹೊರಗೆ ಬಂದಳು. “ಎಚ್ಚರ ಆಗ್ಯಾರ್ರಿ. ಆದ್ರ ಏನೇನೋ ಬಡಬಡಿಸ್ಲಿಕತ್ತಾರ, ಒಂದೂ ತಿಳಿವಲ್ದು.” ಎಲ್ಲ ಮುಗಿಯಿತು ಅಂದುಕೊಂಡೆ. ಒಳಗೆ ಹೋಗಿ ಅವರ ಬಾಯಿಯ ಹತ್ತಿರ ಕಿವಿಯಿಟ್ಟೆ.

“ಎನ್ ಕಣ್ಣಾಡಿ ಎಂಗೆ?”

ತಮಿಳು! ಹೆತ್ತ ತಾಯಿಯ ಜೊತೆ ಆಡುವ ಮಾತಿನಲ್ಲಿ ತಮ್ಮ ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದರು. ಅಳುತ್ತಾ ನಗುತ್ತಾ ಕನ್ನಡಕ ಹಾಕಿದೆ. ನನ್ನ ಮುಖ ಕಂಡದ್ದೇ ಕನ್ನಡಕ್ಕೆ ತಿರುಗಿದರು. “ಯಾಕೇ ಅಳ್ತಿದೀಯ? ತಿಂಡಿ ತಿಂದ್ಯಾ?”

ಅಮ್ಮನ ಭಕ್ತರೇ, ಕಾಪಾಡಿದ್ದು ಯಂತ್ರವೋ ದೇವಿಯೋ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಇಳಿದದ್ದನ್ನು ಯಂತ್ರ ತೋರಿಸಿತು, ಡಾಕ್ಟರು ಏರಿಸಿದರು. ಆ ಡಾಕ್ಟರ ಕಣ್ಣು ಸ್ಕ್ರೀನು ಬಿಟ್ಟು ಅತ್ತಿತ್ತ ಹೋಗದಂತೆ ಹಿಡಿದವಳು ನನ್ನ ತಾಯಿ ಮಾರಮ್ಮ. ‘ತಿಂಡಿ ತಿಂದ್ಯಾ’ ಎಂಬ ಆ ಎರಡು ಮಾತಿಗೆ ನಾನು ಉಸಿರಿರುವವರೆಗೂ ಅವಳಿಗೆ ಋಣಿ.