ಮೇಲೆ ಇಂಗ್ಲಿಷ್ ಮಾತು, ಕೆಳಗೆ ಸೆಲ್ಲಿನ ಮಸಿ

೧೯೮೨ರ ದೀಪಾವಳಿ ಆಗಷ್ಟೇ ಮುಗಿದಿತ್ತು. ನಾನು ಕೊಪ್ಪಳದಲ್ಲಿ ಗೋಡೆ ಬರೆಯುವ ಪೇಂಟರ್. ಓದಿದ್ದು ನಾಲ್ಕನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಬೀಜ, ಗೊಬ್ಬರ, ಬೀಡಿ, ಚುನಾವಣೆ ಚಿಹ್ನೆ, ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಯಾರು ಏನು ಹೇಳಿದರೆ ಅದನ್ನು ಬರೆಯುತ್ತಿದ್ದೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಬರೆಯಲು ಮಾತ್ರ ಅಡ್ಡಿಯಿಲ್ಲ. ಎತ್ತಿನ ಚಿತ್ರ ಬಿಡಿಸಿದ ಹಾಗೆ ಅಕ್ಷರ ಬಿಡಿಸುವುದು, ಅಷ್ಟೇ. ನೀಲಿ ಪುಡಿ ಹಚ್ಚಿದ ನೂಲನ್ನು ಗೋಡೆಯ ಎರಡು ತುದಿಗೆ ಬಿಗಿದು, ನಡುವೆ ಎಳೆದು ಬಿಟ್ಟರೆ ನೆಟ್ಟಗೆ ಗೆರೆ ಮೂಡುತ್ತದೆ. ಇದಕ್ಕೆ ನೂಲು ಹೊಡೆಯುವುದು ಎನ್ನುತ್ತೇವೆ. ಆ ಗೆರೆಯ ಮೇಲೆ ಅಕ್ಷರ ಕೂರಿಸಿದರೆ ಕೆಲಸ ಮುಗಿಯಿತು.

ಇರಕಲ್ಲಗಡದ ಆಚೆ ಒಂದು ಸಣ್ಣ ಊರು. ಹೆಸರು ಬೇಡ. ಅಲ್ಲಿಯ ಸಾಲಿಯ ಹೆಡ್ ಮಾಸ್ತರ ವಿರೂಪಾಕ್ಷಪ್ಪ ನನ್ನನ್ನು ಹುಡುಕಿಕೊಂಡು ಬಂದರು. ಗುರುವಾರ ಅವರ ಸಾಲಿಗೆ ತಪಾಸಣೆಯ ಸಾಹೇಬರು ಬರುವವರಿದ್ದರು. ಪಕ್ಕದ ಊರಿನ ಸಾಲಿಯ ಗೋಡೆಯ ಮೇಲೆ ಯಾರೋ ಇಂಗ್ಲಿಷ್ ಗಾದೆಗಳನ್ನು ಬರೆಸಿದ್ದರಂತೆ. ಅದನ್ನು ನೋಡಿ ಸಾಹೇಬರು ಹೊಗಳಿ ಹೋಗಿದ್ದರಂತೆ. ಅಂದಿನಿಂದ ಮಾಸ್ತರಿಗೆ ನಿದ್ದೆ ಇರಲಿಲ್ಲ. ಒಂದು ಪುಸ್ತಕದಿಂದ ಓದು, ಬರಹ, ಸಾಲಿಗೆ ಸಂಬಂಧಪಟ್ಟ ಆರು ಗಾದೆ ಆರಿಸಿಕೊಂಡು ಬಂದಿದ್ದರು. ಒಂದೊಂದರ ಅರ್ಥವನ್ನೂ ನನಗೆ ಹೇಳಿದರು. ಒಂದು ಬೆತ್ತದ ಬಗ್ಗೆ, ಒಂದು ಅರೆಬರೆ ಕಲಿತವನಿಂದ ಆಗುವ ಅನಾಹುತದ ಬಗ್ಗೆ, ಒಂದು ಮತ್ತೆ ಮತ್ತೆ ತಿದ್ದಿದರೆ ಕೈ ಪಳಗುವುದರ ಬಗ್ಗೆ. ಉಳಿದವು ನೆನಪಿಲ್ಲ. ಅರ್ಥ ತಿಳಿದು ನನಗೇನಾಗಬೇಕಿತ್ತು? ಅಕ್ಷರದ ಎತ್ತರ ಎಷ್ಟು, ಬಣ್ಣ ಯಾವುದು ಎಂದು ಕೇಳಿದೆ.

ಸೋಮವಾರ ಬೆಳಿಗ್ಗೆ ಬಸ್ಸಿನಿಂದಿಳಿದು ಸಾಲಿಯ ಹತ್ತಿರ ಹೋದೆ. ಎರಡು ಕೋಣೆ, ಮುಂದೆ ಒಂದು ಬೇವಿನ ಗಿಡ. ರಸ್ತೆಯ ಕಡೆಗಿನ ಗೋಡೆ ಉದ್ದವಾಗಿ, ಚೆನ್ನಾಗಿತ್ತು. ಮಾಸ್ತರು ತೋರಿಸಿದ್ದೂ ಅದನ್ನೇ. ಆದರೆ ಅದರ ಕೆಳಗಿನ ಅರ್ಧ ಈ ತುದಿಯಿಂದ ಆ ತುದಿಯವರೆಗೆ ಕಪ್ಪಗಿತ್ತು. ಅದರ ತುಂಬ ಆಗಷ್ಟೇ ಬರೆದ ಸೊಟ್ಟ ಸೊಟ್ಟ ಅ, ಆ, ಇ, ಈ.

ಅದು ಒಂದನೇ ಇಯತ್ತೆಯ ಬೋರ್ಡು. ಒಳಗಿನ ಎರಡು ಕೋಣೆ ದೊಡ್ಡ ಮಕ್ಕಳಿಗೇ ಸಾಲದು. ಸಣ್ಣವರ ಸಾಲಿ ಬೇವಿನ ಗಿಡದ ಕೆಳಗೆ. ಪಾಟಿ, ಅಂದರೆ ಸ್ಲೇಟು, ಇದ್ದ ಮಕ್ಕಳು ಕಡಿಮೆ. ಹಾಗಾಗಿ ಎಲ್ಲರೂ ಸಾಲಾಗಿ ನಿಂತು ಗೋಡೆಯ ಮೇಲೇ ಬರೆಯುತ್ತಿದ್ದರು. ಶನಿವಾರ ಮಕ್ಕಳು ಮನೆಯಿಂದ ಬ್ಯಾಟರಿಯ ಸತ್ತ ಸೆಲ್ಲು, ಹಾಗಲ ಬಳ್ಳಿಯ ಎಲೆ ತರುತ್ತಿದ್ದರು. ಸೆಲ್ಲು ಒಡೆದು ಒಳಗಿನ ಮಸಿ ತೆಗೆದು, ಎಲೆಯ ರಸದಲ್ಲಿ ಕಲಸಿ, ಕೈಯಿಂದಲೇ ಗೋಡೆಗೆ ಬಳಿಯುವುದು. ಸೋಮವಾರದ ಹೊತ್ತಿಗೆ ಹೊಸ ಬೋರ್ಡು ತಯಾರು.

ಆ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದವರು ಗಂಗಮ್ಮ ಅಕ್ಕೋರು. ನಾನು ಸುಣ್ಣದ ಬಕೆಟ್ ಕೆಳಗಿಟ್ಟದ್ದು ನೋಡಿ ಎದ್ದು ಬಂದರು.

"ತಮ್ಮಾ, ಅದಕ್ಕ್ಯಾಕ ಸುಣ್ಣಾ? ಅದು ನಮ್ಮ ಬೋರ್ಡು."

"ಮಾಸ್ತರ್ರು ಹೇಳ್ಯಾರ್ರಿ. ಅವರ್ನ ಕೇಳ್ರಿ."

ಅವರು ಕೇಳಿದರು. ಮಾಸ್ತರು, "ಗುರುವಾರದ ತನಕ ಸುಧಾರಿಸ್ಕೊಳ್ರಿ ಅಕ್ಕೋರ. ಆಮ್ಯಾಲೆ ಹಿಂದಿನ ಗ್ವಾಡಿ ಕೊಡ್ತೀನಿ" ಎಂದರು.

"ಹಿಂದ ದನದ ಕೊಟ್ಟಿಗಿ ಐತ್ರಿ. ಗುರುವಾರ ಸಾಹೇಬ್ರು ನನ್ನ ಹುಡುಗ್ರ ಕೈಲೆ ಬರಸ್ತಾರ. ನಂದಿನ್ನೂ ಹಂಗಾಮಿ ನೌಕರಿ. ಅವು ಬರೀಲಿಲ್ಲಂದ್ರ ನನ್ನನ್ನ ಮನಿಗೆ ಕಳಸ್ತಾರೋ, ನಿಮ್ಮನ್ನ ಕಳಸ್ತಾರೋ?"

ಮಾಸ್ತರು ನನ್ನ ಕಡೆ ತಿರುಗಿ, "ನೀ ಹಚ್ಚೋ" ಎಂದರು.

ಹಚ್ಚಿದೆ. ನನಗೆ ಅವರಿಬ್ಬರ ತಕರಾರು ಬೇಕಿರಲಿಲ್ಲ. ಬೇಗ ಮುಗಿಸಿ ಊರು ಸೇರಬೇಕಿತ್ತು.

ಮಂಗಳವಾರ ಬೆಳಿಗ್ಗೆ ನೋಡಿದರೆ ಮೇಲಿನ ಅರ್ಧ ಬೆಳ್ಳಗೆ, ಕೆಳಗಿನ ಅರ್ಧ ಎಮ್ಮೆಯ ಮೈಯ ಬಣ್ಣ. ಅಷ್ಟು ವರ್ಷದ ಮಸಿ ಗೋಡೆಯೊಳಗೇ ಇಳಿದಿತ್ತು. ಇನ್ನೊಂದು ಕೈ ಸುಣ್ಣ ಹೊಡೆದೆ. ಆರಿದ ಮೇಲೆ ಮತ್ತೆ ಅದೇ ಬಣ್ಣ. ಹಾಗಲ ಎಲೆಯ ರಸ ಮಸಿಯನ್ನು ಅಂಟಿನಂತೆ ಹಿಡಿದಿತ್ತು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಸುಣ್ಣಕ್ಕೆ ಬೆರಳ ಸಂದುಗಳು ಸುಡುತ್ತಿದ್ದವು. ಆ ಕಡೆ ಅಕ್ಕೋರು ಮಕ್ಕಳನ್ನು ನೆಲದ ಮೇಲೆ ಕೂರಿಸಿ ಮಣ್ಣಿನಲ್ಲಿ ಬೆರಳಿಂದ ಬರೆಸುತ್ತಿದ್ದರು. ಗಾಳಿ ಬೀಸಿದರೆ ಅಕ್ಷರ ಹೋಗುತ್ತಿತ್ತು. ಮತ್ತೆ ಬರೆಸುತ್ತಿದ್ದರು.

ಎದುರಿನ ಕಟ್ಟೆಯ ಮೇಲೆ ದಿನವಿಡೀ ಕೂತಿರುತ್ತಿದ್ದ ಹನಮಜ್ಜ ಕೂಗಿದ: "ಯಾವ ಗೊಬ್ಬರದ್ದೋ ಇದು?"

"ಗೊಬ್ಬರದ್ದಲ್ಲ ಯಜ್ಜಾ. ಇಂಗ್ಲಿಷ್ ಮಾತು."

"ಹಂಗಾರ ಬೆಳಿ ಬರೂದಿಲ್ಲ ಬಿಡು."

ಬುಧವಾರ ಬೆಳಿಗ್ಗೆ ಮಾಸ್ತರಿಗೆ ಹೇಳಿಬಿಟ್ಟೆ: "ಸರ್, ಕೆಳಗ ಸುಣ್ಣಾ ಹಿಡಿಯಂಗಿಲ್ರಿ. ಹೆರದು ಗಿಲಾವು ಮಾಡಸ್ಬೇಕು. ಅದಕ್ಕ ಹೊತ್ತಿಲ್ಲ. ಮ್ಯಾಲಷ್ಟ ಬರೀತೀನಿ. ಆರು ಸಾಲು ಹಿಡಸೂದಿಲ್ಲ, ಮೂರು ಹಿಡಸ್ತಾವ."

"ಮತ್ತ ಕೆಳಗ ಹಿಂಗ ಹೊಲಸ ಕಾಣಸ್ತೈತಲ್ಲೋ!"

"ಮೊದಲಿದ್ದಂಗ ಕರ್ರಗ ಮಾಡ್ರಿ. ಮ್ಯಾಲ ಬಿಳಿ, ಕೆಳಗ ಕಪ್ಪು. ಪಟ್ಟಿ ಹೊಡದಂಗ ಕಾಣಸ್ತೈತಿ."

ಅಕ್ಕೋರ ಮೇಲೆ ಕನಿಕರ ಹುಟ್ಟಿ ಹೇಳಿದ ಮಾತಲ್ಲ ಇದು. ಮೂರನೇ ಸಲ ಸುಣ್ಣ ಹೊಡೆಯುವ ಶಕ್ತಿ ನನ್ನಲ್ಲಿರಲಿಲ್ಲ. ಮಾಸ್ತರಿಗೂ ಬೇರೆ ದಾರಿ ಇರಲಿಲ್ಲ. "ಏನರ ಮಾಡ್ಕೊಳ್ರಿ" ಎಂದು ಒಳಗೆ ಹೋದರು.

ಅಕ್ಕೋರು ಕೂಡಲೇ ಮಕ್ಕಳನ್ನು ಮನೆಗಳಿಗೆ ಓಡಿಸಿದರು. ಶನಿವಾರದ ಕೆಲಸ ಬುಧವಾರ ನಡೆಯಿತು. ಮೇಲೆ ಏಣಿಯ ಮೇಲೆ ನಾನು, ಕೆಳಗೆ ಮೊಣಕೈವರೆಗೆ ಮಸಿ ಮಾಡಿಕೊಂಡ ಒಂದನೇ ಇಯತ್ತೆ. ನನ್ನ ಹಳದಿ ಡಬ್ಬಿಗೆ ಮಸಿ ಬೀಳಿಸಿದವರಿಗೆ ಬೈದೆ. ಅವರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಬೋರ್ಡು ಆರಿತು. ಅಂದು ಸಂಜೆ ಹೊತ್ತು ಮುಳುಗುವವರೆಗೂ ಅಕ್ಕೋರು ಅವರಿಂದ ಬರೆಸಿದರು.

ಗುರುವಾರ ಮೂರನೇ ಸಾಲಿನ ಕೊನೆಯ ಪದ ಬರೆಯುತ್ತಿದ್ದಾಗಲೇ ಜೀಪು ಬಂತು. ಏಣಿಯಿಂದ ಇಳಿಯಲೂ ಆಗಲಿಲ್ಲ. ಸಾಹೇಬರು ಗೋಡೆಯ ಮುಂದೆ ನಿಂತು ಮೂರೂ ಸಾಲು ಗಟ್ಟಿಯಾಗಿ ಓದಿದರು. "ಛಲೋ ಆಗೈತಿ" ಎಂದರು. ಮಾಸ್ತರ ಮುಖ ಅರಳಿತು. ಸಾಹೇಬರು ಏಳನೇ ಇಯತ್ತೆಯವರನ್ನು ಹೊರಗೆ ಕರೆಸಿ ಮೊದಲನೇ ಸಾಲಿನ ಅರ್ಥ ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಡುವುದಾದರೂ ಹೇಗೆ? ಅರ್ಥವನ್ನು ಮಾಸ್ತರು ನನಗೆ ಹೇಳಿದ್ದರೇ ಹೊರತು ಅವರಿಗೆ ಹೇಳಿರಲಿಲ್ಲ. ಗಡಿಬಿಡಿಯಲ್ಲಿ ಮರೆತಿದ್ದರು.

ಸಾಹೇಬರು ಮೇಲೆ ನೋಡಿ, "ನಿನಗರ ಗೊತ್ತೈತೇನೋ?" ಎಂದರು.

"ನಾ ಬರದೀನ್ರಿ, ಅಷ್ಟ." ಮಾಸ್ತರು ಹೇಳಿದ ಅರ್ಥಗಳಲ್ಲಿ ಯಾವುದು ಯಾವ ಸಾಲಿನದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರ ಕಣ್ಣು ಕೆಳಕ್ಕೆ ಇಳಿಯಿತು. "ಇದ್ಯಾಕ ಕರ್ರಗೈತಿ?"

ಅಕ್ಕೋರು ಮುಂದೆ ಬಂದರು. "ಒಂದನೇ ಇಯತ್ತೆದ ಬೋರ್ಡ್ರಿ. ಯಾರ್ನರ ಕರದು ಬರಸ್ರಿ."

ಸಾಹೇಬರು ತಾವೇ ಒಬ್ಬ ಹುಡುಗಿಯ ಕಡೆ ಕೈ ಮಾಡಿದರು. ಅವಳ ಉಗುರಿನ ಸಂದಿನಲ್ಲಿ ಇನ್ನೂ ಮಸಿ ಇತ್ತು. ಹೋಗಿ ತನ್ನ ಹೆಸರು ಬರೆದಳು, ನೀಲವ್ವ ಎಂದು. ಬರೆದು ತಿರುಗಿ ನೋಡಿ, ಯಾರೂ ಸಾಕು ಎನ್ನದ್ದರಿಂದ ಅವ್ವನ ಹೆಸರು ಬರೆದಳು. ಆಮೇಲೆ ಅಪ್ಪನದು, ಊರಿನದು. ಉಳಿದ ಮಕ್ಕಳು ಕರೆಯುವ ಮೊದಲೇ ಎದ್ದು ಬಂದು ತಂತಮ್ಮ ಜಾಗದಲ್ಲಿ ನಿಂತು ಬರೆಯತೊಡಗಿದರು. ಸೀಮೆಸುಣ್ಣ ಸಾಲದೆ ತುಂಡು ಮಾಡಿ ಹಂಚಿಕೊಂಡರು. ಏಣಿಯ ಮೇಲಿಂದ ನನಗೆ ಬರೀ ತಲೆಗಳು ಕಾಣುತ್ತಿದ್ದವು.

ಸಾಹೇಬರು, "ಅಕ್ಕೋರನ್ನ ಇಲ್ಲೇ ಇಡ್ರಿ" ಎಂದು ಮಾಸ್ತರಿಗೆ ಹೇಳಿ ಚಹಾಕ್ಕೆ ಹೋದರು. ಅಕ್ಕೋರು ಬೇವಿನ ಗಿಡಕ್ಕೆ ಒರಗಿ ಕೂತುಬಿಟ್ಟರು. ನಾನು ಇಳಿದು ಬ್ರಷ್ ತೊಳೆಯುತ್ತಿದ್ದಾಗ, "ತಮ್ಮಾ, ನೀರು ಕುಡದು ಹೋಗು" ಎಂದರು. ಅಷ್ಟೇ.

ಆಮೇಲೆ ನಡೆದದ್ದು ತಮಾಷೆ. ಸುದ್ದಿ ಹರಡುವಾಗ ಮೇಲಿನ ಅರ್ಧದ್ದೇ ಹರಡಿತು. ಯಲಬುರ್ಗಾ, ಕುಷ್ಟಗಿ ಕಡೆಯ ಸಾಲಿಗಳಿಂದಲೂ ಇಂಗ್ಲಿಷ್ ಗಾದೆ ಬರೆ ಎಂದು ನನಗೆ ಕರೆ ಬಂತು. ಕಪ್ಪು ಪಟ್ಟಿ ಬೇಕೆಂದು ಒಬ್ಬರೂ ಕೇಳಲಿಲ್ಲ. ಬರೆದೂ ಬರೆದೂ ನನಗೇ ಬೇಸರ ಬಂತು. ಎಷ್ಟೋ ಊರಲ್ಲಿ ಓದುವವರೇ ಇರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಬಸ್ಸಿನಲ್ಲಿ ಅದೇ ಊರು ದಾಟುವಾಗ ಕಿಟಕಿಯಿಂದ ನೋಡಿದೆ. ಗಡಿಬಿಡಿಯಲ್ಲಿ ಹಸಿ ಸುಣ್ಣದ ಮೇಲೆ ಎಣ್ಣೆ ಬಣ್ಣ ಹಚ್ಚಿದ್ದು ಹೊಪ್ಪಳಿಕೆ ಎದ್ದು ಉದುರಿತ್ತು. ಮೂರು ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಉಳಿದಿತ್ತು. ಕೆಳಗಿನ ಅರ್ಧ ನಿನ್ನೆ ಬಳಿದಂತೆ ಕರ್ರಗಿತ್ತು. ಅದನ್ನು ವಾರ ವಾರ ಬಳಿಯುವವರಿದ್ದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಯಾವ ಸಾಲಿಗೆ ಹೋದರೂ ಮಾಸ್ತರು ಗೋಡೆ ತೋರಿಸಿದ ಕೂಡಲೇ, "ಇದರ ಮ್ಯಾಲ ಮೊದಲಿಂದ ಯಾರರ ಬರೀತಾರೇನ್ರಿ?" ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಆಗಲಿ. ಉತ್ತರ ಬಂದ ಮೇಲೆಯೇ ನಾನು ನೂಲು ಬಿಚ್ಚುವುದು.