ಮೇಣ ಕುಡಿದ ಚೈನು

ನಮ್ಮ ಮನೆಯ ಅಟ್ಟದ ಮೇಲೊಂದು ಹಾಲಿನ ಪುಡಿಯ ಡಬ್ಬಿ ಇದೆ. ಅದರ ತಳದಲ್ಲಿ ಎರಡು ಬೆರಳಿನಷ್ಟು ಮೇಣ ಹೆಪ್ಪುಗಟ್ಟಿ ಕೂತಿದೆ. ಕರೆಂಟು ಹೋದಾಗಲೆಲ್ಲ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟು, ತೊಂಬತ್ತರ ದಶಕದ ಒಂದು ಭಾನುವಾರ, ಸೈಕಲ್ಲಿನ ಚೈನಿಗೆಂದು ನಾನು ಕರಗಿಸಿದ ಮೇಣ ಅದು. ಎಣ್ಣೆ ಹಾಕಿದರೆ ನಮ್ಮ ಅಗ್ರಹಾರದ ಬೀದಿಯ ಧೂಳೆಲ್ಲ ಚೈನಿಗೆ ಅಂಟಿ ಪ್ಯಾಂಟಿನ ಅಂಚಿಗೆ ಮಸಿ ಬಳಿಯುತ್ತಿತ್ತು. ಮೇಣಕ್ಕೆ ಆ ಚಾಳಿಯಿಲ್ಲವೆಂದು ಹೆಬ್ಬಾಳದ ನಮ್ಮ ಕಾರ್ಖಾನೆಯ ಫಿಟ್ಟರೊಬ್ಬರು ಹೇಳಿದ್ದರು.

ನಿಧಾನದ ಕೆಲಸ, ಗೆಳೆಯರೇ. ಚೈನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಬೇಕು. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೇಣ ಕರಗಿಸಿ, ಅದರಲ್ಲಿ ಚೈನನ್ನು ಮುಳುಗಿಸಬೇಕು. ಸಣ್ಣ ಗುಳ್ಳೆಗಳು ಏಳುತ್ತವೆ. ಅವು ನಿಂತಾಗ ಪ್ರತಿಯೊಂದು ಕೊಂಡಿಯೂ ಹೊಟ್ಟೆ ತುಂಬ ಮೇಣ ಕುಡಿದಿದೆ ಎಂದರ್ಥ. ಅಷ್ಟು ಜತನದಿಂದ ಮಾಡಿದವನು, ಹ್ಯಾಂಡಲ್ಲಿನ ಬೆಲ್ಲು ಮುರಿದಿರುವುದನ್ನೂ ಅಂದು ನೋಡಿದೆ; ಆಮೇಲೆ ಹಾಕಿಸಿದರಾಯಿತು ಎಂದುಕೊಂಡೆ. ಬೆಲ್ಲಿನ ಅಗತ್ಯವೇ ನನಗೆ ಬಿದ್ದಿರಲಿಲ್ಲ. ಚೈನಿನ ಕಿರುಗುಟ್ಟುವಿಕೆ ಇಡೀ ಬೀದಿಗೆ ಕೇಳುತ್ತಿತ್ತು.

ಎಲ್ಲರಿಗಿಂತ ಮೊದಲು ಕೇಳುತ್ತಿದ್ದುದು ತಿರುವಿನ ಮನೆಯ ಗೌರಮ್ಮಜ್ಜಿಗೆ. ನಾನು ಬೆಳಗಿನ ಪಾಳಿಗೆ ಹೊರಡುವ ಹೊತ್ತಿಗೆ ಅವರು ರಸ್ತೆಗೆ ಬೆನ್ನುಮಾಡಿ, ಬಗ್ಗಿ ರಂಗೋಲಿ ಬಿಡುತ್ತಿದ್ದರು. ಸದ್ದು ಕೇಳಿದೊಡನೆ, ತಿರುಗಿಯೂ ನೋಡದೆ ಒಂದು ಹೆಜ್ಜೆ ಒಳಗೆ ಸರಿಯುತ್ತಿದ್ದರು. “ಬಂದ್ಯೇನೋ? ಆ ಚೈನಿಗೆ ಒಂಚೂರು ಎಣ್ಣೆ ಕುಡ್ಸೋ, ಗುಡೀಲಿ ಮಲಗಿರೋ ದೇವ್ರೂ ಎದ್ಬುಡ್ತಾನೆ!”

ಸೋಮವಾರ ಚೈನು ಉಸಿರೆತ್ತಲಿಲ್ಲ. ನನ್ನ ಕೈಚಳಕಕ್ಕೆ ನಾನೇ ಬೀಗುತ್ತಾ ತಿರುವಿಗೆ ಬಂದೆ. ಅಜ್ಜಿ ಸರಿಯಲಿಲ್ಲ. ಬ್ರೇಕು ಹಿಡಿಯುವಷ್ಟರಲ್ಲಿ ಹ್ಯಾಂಡಲ್ಲು ಅವರ ಭುಜಕ್ಕೆ ತಗುಲಿತು. ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು.

ಅಜ್ಜಿಯ ಮಗಳು ಒಳಗಿನಿಂದ ಓಡಿಬಂದು, “ಸೈಕಲ್ ಬರೋದು ಕೇಳಿಸ್ಲಿಲ್ವೇನಮ್ಮ?” ಎಂದರು.

“ಇಲ್ಲ ಕಣೇ. ಕಿವಿ ಮಂದ ಆಗ್ಬುಟ್ಟಿದೆ ಅಂತ ಕಾಣುತ್ತೆ.”

ಆ ಕ್ಷಣದಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಎಲ್ಲರೂ ಅಜ್ಜಿಯೊಡನೆ ಕೂಗಿ ಮಾತಾಡತೊಡಗಿದರು. ಜಗಲಿಯ ಹರಟೆಗೆ ಬರುವುದನ್ನು ಅವರು ತಾವಾಗಿಯೇ ಬಿಟ್ಟರು. ಕೈ ಕೂಡಿಕೊಂಡಿತು, ರಂಗೋಲಿಯ ಗೆರೆ ಮಾತ್ರ ಮೊದಲಿನಂತೆ ನೆಟ್ಟಗಾಗಲಿಲ್ಲ. ಒಂದು ದಿನ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: “ನೀನು ದಿನಾ ಹೋಗ್ತೀಯ ತಾನೆ? ನಂಗೆ ಒಂದಿನಾನೂ ಕೇಳಿಸಲ್ವಲ್ಲೋ.”

“ಹೋಗ್ತೀನಜ್ಜಿ,” ಎಂದೆ. ಅಷ್ಟೇ ಮೆಲ್ಲಗೆ ಎಂದಿದ್ದೆ, ಅವರಿಗೆ ಕೇಳಿಸಿತು. ತಲೆಯಾಡಿಸಿದರು. ಆಗಲೂ ನಾನು ಮೇಣದ ಮಾತೆತ್ತಲಿಲ್ಲ. ಕಿವಿ ಕೆಟ್ಟಿದೆ ಎಂದು ನಂಬಿಕೊಂಡೇ ಅವರು ತೀರಿಹೋದರು.

ಯಾರಾದರೂ ಕೇಳಿದರೆ ಈಗಲೂ ಡಬ್ಬಿಯನ್ನು ಕೆಳಗಿಳಿಸಿ, ಮೇಣ ಕರಗಿಸುವ ಬಗೆಯನ್ನು ಹೇಳಿಕೊಡುತ್ತೇನೆ. ಆದರೆ ಒಲೆ ಹಚ್ಚುವ ಮೊದಲು, “ಎಲ್ಲಿ, ಬೆಲ್ಲು ಹೊಡೆದು ತೋರಿಸಿ,” ಎನ್ನುತ್ತೇನೆ. ಅವರು ನಗುತ್ತಾರೆ. ಕಾರಣವನ್ನು ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು.