ಪರದೆಯ ಹಿಂದೆ ಕೂತ ಮೇಷ್ಟ್ರು

ಟಿ.ವಿ.ಯಲ್ಲಿ ಕೊಳಲು ಕೇಳಿದರೆ ನಾನು ಈಗಲೂ ಎದ್ದು ಆಚೆ ಹೋಗುತ್ತೇನೆ.

ಸೇಲಂ ಕಡೆಯಿಂದ ಕೊಳಲು ಹಿಡಿದು ಬಂದ ನನಗೆ ಗುತ್ತಲಿನ ವಠಾರದಲ್ಲಿ ಮನೆ ಕೊಡಿಸಿದ್ದು ಮಳವಳ್ಳಿಯ ನನ್ನ ಕೊಳಲು ಮೇಷ್ಟ್ರು. ಆಗ ಟಿ.ವಿ. ಹೊಸತು. ಬೆಂಗಳೂರಿನ ಸ್ಟುಡಿಯೋದವರು ಕರೆದದ್ದು ಅವರನ್ನು. ನಾನು ಶ್ರುತಿಪೆಟ್ಟಿಗೆ ಹಿಡಿದು ಜೊತೆಗೆ ಹೋದವನು. ಮೇಷ್ಟ್ರ ಒಂದು ಕಣ್ಣಿಗೆ ಹೂ ಬಿದ್ದು ಬೆಳ್ಳಗಾಗಿತ್ತು. ಕ್ಯಾಮೆರಾದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲವೆಂದು ಅವರನ್ನು ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳಿದರು. ಮುಂದೆ ಕೂತು ಬರೀ ಬೆರಳಾಡಿಸಿದವನು ನಾನು. ಬೇಡ ಎನ್ನಲು ನನಗೆ ಬಾಯಿತ್ತು. ಅನ್ನಲಿಲ್ಲ.

ಕಾರ್ಯಕ್ರಮ ಬಂದ ಸಂಜೆ ಇಡೀ ವಠಾರ ಟಿ.ವಿ. ಮುಂದೆ ಸೇರಿತು. ಮೇಷ್ಟ್ರೂ ಬಂದಿದ್ದರು. ಮನೆಯೊಡತಿ ಟಿ.ವಿ.ಗೆ ಕುಂಕುಮವಿಟ್ಟು ಆರತಿ ಎತ್ತಿ, "ನಮ್ ವಠಾರುಕ್ಕೇ ಎಸ್ರು ತಂದೆ ಕಣಪ್ಪ" ಎಂದರು. ಥೂ, ಆ ಹೊಗಳಿಕೆಗೆ ನಾನು ಕೈ ಮುಗಿದೆ.

ಎಲ್ಲರೂ ಎದ್ದುಹೋದ ಮೇಲೆ, ಬಸ್ಸಿಗೆ ಹೊರಟ ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು.

"ಚರಣುದಲ್ಲಿ ನಿನ್ ಬೆಳ್ಳು ತಪ್ದೊ ಕಣ್ಲಾ. ಬೆಳಿಗ್ಗೆ ಬಾ, ಯೋಳ್ಕೊಡ್ತೀನಿ. ಮುಂದುಲ್ ಸಲ ಯಾರ್ಗೂ ಗೊತ್ತಾಗ್‌ಬಾರ್ದು."

ಮಾರನೆಯ ದಿನ ಮಳವಳ್ಳಿಯ ಮೊದಲ ಬಸ್ಸಿಗೇ ಹೋದೆ.